ಎಪ್ಪತ್ತು ಲೀಟರ್ ಬ್ಯಾಗಿಗೆ ಎಷ್ಟು ಪುರಿ ಹಿಡಿಸುತ್ತೆ?

ಇದೆಲ್ಲ ಶುರುವಾಗಿದ್ದು ಭಾವನ ಒಂದು ಮಾತಿನಿಂದ. ಹೋದ ಡಿಸೆಂಬರ್‌ನಲ್ಲಿ ನಾವಿಬ್ಬರೂ ಉತ್ತರಾಖಂಡದ ಕೇದಾರಕಾಂತ ಬೆಟ್ಟಕ್ಕೆ ಚಾರಣ ಹೋಗಿದ್ದೆವು. ನನ್ನದು ಹೊಸ ಬ್ಯಾಗು, ಪಕ್ಕದಲ್ಲಿ ದೊಡ್ಡದಾಗಿ 60+10 ಅಂತ, ಅಂದರೆ ಒಟ್ಟು 70 ಲೀಟರ್ ಅಂತ ಹೊಲಿದಿದ್ದಾರೆ. ಭಾವನದು ಹಳೇದು, ಬಣ್ಣ ಹೋದ 45 ಲೀಟರ್ ಬ್ಯಾಗು. ಸಾಂಕ್ರಿ ಊರಿನ ರೂಮಿನಲ್ಲಿ ರಾತ್ರಿ ಇಬ್ಬರೂ ಮಂಚದ ಮೇಲೆ ಸಾಮಾನು ಹರಡಿಕೊಂಡು ತುಂಬಲು ಕುಳಿತೆವು. ಇಬ್ಬರ ಸಾಮಾನೂ ಹೆಚ್ಚು ಕಡಿಮೆ ಒಂದೇ, ಯಾಕೆಂದರೆ ಇಬ್ಬರೂ ಒಂದೇ ಪಟ್ಟಿ ನೋಡಿಕೊಂಡು ತಂದಿದ್ದು. ಕೊನೆಗೆ ನನ್ನ ದಪ್ಪ ಜಾಕೆಟ್ಟು ಒಳಗೆ ಹಿಡಿಸಲಿಲ್ಲ, ಹೊರಗೆ ಹಗ್ಗದಲ್ಲಿ ಕಟ್ಟಿಕೊಂಡೆ. ಭಾವನದು ಎಲ್ಲ ಹಿಡಿಸಿ, ಮೇಲೆ ಮದ್ದೂರು ವಡೆ ಪ್ಯಾಕೆಟ್ ಇಡಲು ಜಾಗ ಮಿಕ್ಕಿತು.

"ಇಪ್ಪತ್ತೈದು ಲೀಟರ್ ಎಲ್ಲಿ ಹೋಯ್ತಪ್ಪಾ? ದಾರೀಲಿ ಸೋರೋಯ್ತಾ?" ಅಂದರು.

ಊರಿಗೆ ಬಂದ ಮೇಲೂ ಅದು ತಲೆಯಲ್ಲಿ ಕೊರೆಯುತ್ತಲೇ ಇತ್ತು. ನನಗೆ ಜೋಡಿಸಲು ಬರುವುದಿಲ್ಲ ಅನ್ನೋದು ಒಂದು ಕಾರಣ ಇರಬಹುದು, ಆದರೆ 25 ಲೀಟರ್ ಅಂದರೆ ಸುಮ್ನೆ ಅಲ್ಲ, ಒಂದು ದೊಡ್ಡ ಬಕೆಟ್ ತುಂಬಾ ನೀರು. ಅಷ್ಟೊಂದು ಜಾಗ ಜೋಡಿಸುವ ಕೈಚಳಕದಲ್ಲಿ ಮಾಯವಾಗುವುದಿಲ್ಲ. ಅಳೆದೇ ನೋಡೋಣ ಅಂದುಕೊಂಡೆ.

ಮೊದಲು ಟೇಪು ಹಿಡಿದೆ. ಎತ್ತರ 68 ಸೆಂಟಿಮೀಟರ್, ಅಗಲ 30, ದಪ್ಪ 22. ಗುಣಿಸಿದರೆ 44.9 ಲೀಟರ್. ಇದು ನಂಬುವ ಲೆಕ್ಕ ಅಲ್ಲ. ಬ್ಯಾಗು ಪೆಟ್ಟಿಗೆಯ ಹಾಗಿಲ್ಲ, ಮೂಲೆಗಳು ದುಂಡಗಿವೆ, ತುಂಬಿದರೆ ಹೊಟ್ಟೆ ಉಬ್ಬುತ್ತದೆ, ಬೆನ್ನಿನ ಕಡೆ ಒಳಗೆ ಬಾಗಿದೆ. ಟೇಪನ್ನು ಎರಡು ಬೆರಳು ಆಚೆ ಈಚೆ ಹಿಡಿದರೆ ಐದು ಲೀಟರ್ ವ್ಯತ್ಯಾಸ ಬರುತ್ತದೆ.

ಆಮೇಲೆ ನೀರು. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ, ಇದಕ್ಕಿಂತ ಸುಲಭದ ಅಳತೆ ಇಲ್ಲ ಅಲ್ವಾ. ಬ್ಯಾಗಿನ ಒಳಗೆ ದಪ್ಪ ಪ್ಲಾಸ್ಟಿಕ್ ಕವರ್ ಹಾಕಿ ಬಚ್ಚಲಲ್ಲಿ ನಿಲ್ಲಿಸಿ ಮಗ್ಗಿನಲ್ಲಿ ಎಣಿಸುತ್ತಾ ಹುಯ್ದೆ. ಹತ್ತು ಲೀಟರಿಗೇ ಬ್ಯಾಗಿನ ತಳ ಹಲಸಿನ ಹಣ್ಣಿನ ಹಾಗೆ ಊದಿಕೊಂಡಿತು, ಮೇಲಿನ ಭಾಗ ಸೊರಗಿ ನಿಂತಿತ್ತು. ಹದಿನೆಂಟನೇ ಮಗ್ಗಿಗೆ ಬೆನ್ನಿನ ಅಲ್ಯೂಮಿನಿಯಂ ಪಟ್ಟಿಯ ತುದಿ ಎಲ್ಲೋ ಒತ್ತಿ ಕವರ್ ಹರಿಯಿತು. ಬಚ್ಚಲಲ್ಲಿ ಮಾಡಿದ್ದು ಒಂದೇ ನಾನು ಮಾಡಿದ ಬುದ್ಧಿವಂತಿಕೆ. ಯೋಚಿಸಿದರೆ ಇದು ಮೊದಲೇ ಹೊಳೆಯಬೇಕಿತ್ತು. 60 ಲೀಟರ್ ಬ್ಯಾಗಿಗೆ ನೀರು ತುಂಬಿದರೆ 60 ಕೆಜಿ. ಯಾವ ಬ್ಯಾಗೂ ಅಷ್ಟು ಹೊರುವುದಕ್ಕೆ ಮಾಡಿದ್ದಲ್ಲ, ಬಟ್ಟೆ ಹಿಗ್ಗಿ ಆಕಾರ ಕೆಟ್ಟು ಬರುವ ಅಳತೆಗೆ ಅರ್ಥವಿಲ್ಲ. ರಾಗಿ ಹಾಕಿದರೂ ಅದೇ ಕಥೆ, ಲೀಟರಿಗೆ ಮುಕ್ಕಾಲು ಕೆಜಿ ಹತ್ತಿರ ತೂಗುತ್ತದೆ.

ಹಾಗಾದರೆ ಬ್ಯಾಗು ಮಾಡುವವರು ಹೇಗೆ ಅಳೆಯುತ್ತಾರೆ? ಇದಕ್ಕೆ ಅಳತೆ, ಪರೀಕ್ಷೆಗಳ ಮಾನದಂಡ ಮಾಡುವ ಅಮೆರಿಕದ ಎಎಸ್‌ಟಿಎಂ ಸಂಸ್ಥೆ ರೂಪಿಸಿದ ಒಂದು ಪದ್ಧತಿ ಇದೆ, ಅದರ ನಂಬರು ಎಫ್ 2153. 20 ಮಿಲಿಮೀಟರ್ ವ್ಯಾಸದ ಹಗುರ ಪ್ಲಾಸ್ಟಿಕ್ ಗುಂಡುಗಳನ್ನು ಬ್ಯಾಗಿಗೆ ತುಂಬುವುದು, ಆಮೇಲೆ ಅದೇ ಗುಂಡುಗಳನ್ನು ಅಳತೆಯ ಪಾತ್ರೆಗೆ ಸುರಿದು ಎಷ್ಟು ಲೀಟರ್ ಅಂತ ಓದುವುದು. ಗುಂಡುಗಳ ನಡುವೆ ಸಂದು ಇರುತ್ತದಲ್ಲ ಅಂತ ನಿಮಗೆ ಅನಿಸಬಹುದು, ನನಗೂ ಅನಿಸಿತು. ಸಂದು ಇರುತ್ತದೆ, ಆದರೆ ಬ್ಯಾಗಿನಲ್ಲೂ ಅಷ್ಟೇ ಸಂದು, ಪಾತ್ರೆಯಲ್ಲೂ ಅಷ್ಟೇ ಸಂದು, ಹಾಗಾಗಿ ಲೆಕ್ಕಕ್ಕೆ ತೊಂದರೆ ಇಲ್ಲ. ಜಿಪ್ಪೋ ದಾರವೋ ಎಳೆದು ಪೂರ್ತಿ ಮುಚ್ಚಬಹುದಾದ ಜಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಪಕ್ಕದಲ್ಲಿ ಬಾಟಲಿ ಸಿಕ್ಕಿಸುವ ತೆರೆದ ಬಲೆಯ ಜೇಬು ಲೆಕ್ಕಕ್ಕಿಲ್ಲ. ಈ ವಿಷಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗುಂಡು ತರೋಣ ಅಂತ ಲೆಕ್ಕ ಹಾಕಿದೆ. 20 ಮಿಲಿಮೀಟರಿನ ಒಂದು ಗುಂಡು ಸುಮಾರು 4.2 ಮಿಲಿಲೀಟರ್. ಸುಮ್ನೆ ಸುರಿದ ಗುಂಡುಗಳು ಒಟ್ಟು ಜಾಗದ ನೂರಕ್ಕೆ 60ರಿಂದ 64 ಭಾಗ ಮಾತ್ರ ತುಂಬುತ್ತವೆ, ಮಿಕ್ಕಿದ್ದು ಗಾಳಿ. ಹಾಗಾದರೆ 60 ಲೀಟರಿಗೆ ಹತ್ತಿರ ಹತ್ತಿರ 9,000 ಗುಂಡು ಬೇಕು. ನನ್ನ ಹೆಂಡತಿ ತಾಳ್ಮೆಯವಳೇ, ಆದರೆ 9,000 ಗುಂಡು ಹಾಲಿನಲ್ಲಿ ಉರುಳಾಡಿದರೆ ತಾಳ್ಮೆ ಅಲ್ಲಿಗೆ ಮುಗಿಯುತ್ತದೆ. ಕೆಲಸ ಅಲ್ಲಿಗೇ ನಿಂತಿತು. ಏಳೆಂಟು ತಿಂಗಳು ಬ್ಯಾಗು ಅಟ್ಟದ ಮೇಲಿತ್ತು.

ದಾರಿ ಸಿಕ್ಕಿದ್ದು ಆಯುಧಪೂಜೆಯ ಮಾರನೇ ದಿನ. ಮೈಸೂರಿನವರಿಗೆ ಹೇಳುವುದೇ ಬೇಡ, ಆವತ್ತು ಮನೆ ತುಂಬಾ ಪುರಿ, ಅಂದರೆ ಮಂಡಕ್ಕಿ. ನಮ್ಮ ಆಫೀಸಿನದು ಒಂದು ಕವರು, ಹೆಂಡತಿಯ ಆಫೀಸಿನದು ಒಂದು, ಗ್ಯಾರೇಜಿನವರದು, ಕಿರಾಣಿ ಅಂಗಡಿಯವರದು, ಎದುರುಮನೆಯವರದು. ಊಟದ ಮೇಜಿನ ಮೇಲೆ ಕವರುಗಳ ಗುಡ್ಡ. ಅಮ್ಮ "ಇದನ್ನೆಲ್ಲಾ ಯಾರೋ ತಿನ್ನೋರು?" ಅಂತ ಗೊಣಗುತ್ತಾ ಒಂದು ಕವರನ್ನು ಡಬ್ಬಕ್ಕೆ ಸುರಿದರು. ಜರ್ ಅಂತ ಸುರಿದು ಡಬ್ಬದ ಆಕಾರಕ್ಕೆ ಕೂತಿತು. ಹಗುರ, ಒಣ, ಕಾಳು ಕಾಳಾಗಿ ಹರಿಯುತ್ತದೆ, ಮೂಲೆಮೂಲೆಗೆ ಹೋಗುತ್ತದೆ. ಕಾಸಂತೂ ಬೇಕಾಗಿಲ್ಲ. ಕಾಳು ಸಣ್ಣದಾದ್ದರಿಂದ ಸಣ್ಣ ಜೇಬಿಗೆ ದೊಡ್ಡ ಗುಂಡಿಗಿಂತ ಇದೇ ವಾಸಿ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ, ಒಂದು ಲೀಟರ್ ಪುರಿ 90 ಗ್ರಾಂ. ಬ್ಯಾಗು ತುಂಬಿದರೂ ಐದಾರು ಕೆಜಿ ದಾಟುವುದಿಲ್ಲ.

ಮೊದಲ ಕೆಲಸ, ಪುರಿಯನ್ನು ಬೇರೆ ಮಾಡುವುದು. ಪೂಜೆಯ ಪುರಿಯಲ್ಲಿ ಹುರಿಗಡಲೆ, ಬತ್ತಾಸು, ಕಲ್ಲುಸಕ್ಕರೆ, ಕೊಬ್ಬರಿ ಚೂರು ಎಲ್ಲ ಇರುತ್ತದೆ. ಅಮ್ಮನ ಮೊರ ತೆಗೆದುಕೊಂಡು ಕೇರಲು ಹೋದೆ. ಪುರಿಯೆಲ್ಲ ಹಾರಿ ಕಡಲೆ ಮೊರದಲ್ಲೇ ಉಳಿಯಿತು, ಅದೇನೋ ಸರಿ, ಆದರೆ ಹಾರಿದ್ದು ಅಡುಗೆಮನೆ ತುಂಬಾ. ಅಮ್ಮ ಮೊರ ಕಿತ್ತುಕೊಂಡು ಹತ್ತು ನಿಮಿಷದಲ್ಲಿ ಮುಗಿಸಿದರು. ಬತ್ತಾಸು ಮಗಳ ಪಾಲಾಯಿತು. ಉಳಿದದ್ದು 20 ಲೀಟರಿನಷ್ಟು. ಸಾಲದು. ಮಿಕ್ಕಿದ್ದಕ್ಕೆ ಸಂತೆಪೇಟೆಗೆ ಹೋದೆ.

"ನಲವತ್ತು ಸೇರು ಕೊಡಿ" ಅಂದೆ.

"ಮನೇಲೇನ್ ಸಾರ್ ವಿಶೇಷ? ಪೂಜೆ ಮುಗೀತಲ್ಲಾ?"

ಬ್ಯಾಗು ಅಳೆಯುವುದಕ್ಕೆ ಅಂತ ಹೇಳುವ ಧೈರ್ಯ ಬರಲಿಲ್ಲ. ಮಕ್ಕಳ ಪ್ರೋಗ್ರಾಮು ಅಂದೆ. ಅಂಗಡಿಯವರು ಅಳೆಯುವುದನ್ನು ನೋಡುತ್ತಾ ನಿಂತೆ. ಸೇರಿನಲ್ಲಿ ಮೊಗೆದು, ಎಡಗೈಯನ್ನು ಅಂಚಿಗೆ ಒಡ್ಡಿ, ಮೇಲೆ ಗೋಪುರ ಕಟ್ಟಿ, ಅದು ಜಾರುವ ಮೊದಲೇ ಚೀಲಕ್ಕೆ ಸುರಿಯುತ್ತಿದ್ದರು. ಪುರಿಯನ್ನು ಹಾಗೇ ಅಳೆಯುವುದು, ತಲೆ ಸವರಿ ಕೊಟ್ಟರೆ ಗಿರಾಕಿ ಒಪ್ಪುವುದಿಲ್ಲ. ಅದೇ ಅಂಗಡಿಯಲ್ಲಿ ಅವರೆಕಾಳು ಅಳೆಯುವಾಗ ಕೈಯಿಂದ ಸವರುತ್ತಾರೆ. ಸೇರು ಒಂದೇ, ಅಳತೆ ಎರಡು. ಮನೆಯಲ್ಲಿ ಅಜ್ಜಿಯ ಕಾಲದ ಹಿತ್ತಾಳೆ ಸೇರಿದೆ, ಅದಕ್ಕೆ ಅಂಚಿನವರೆಗೆ ನೀರು ತುಂಬಿ ತೂಗಿದರೆ 1 ಕೆಜಿ 40 ಗ್ರಾಂ. ಆದರೆ ಅಂಗಡಿಯಿಂದ ತಂದ 40 ಸೇರನ್ನು ಮನೆಯಲ್ಲಿ ಅಳೆದಾಗ ಬಂದಿದ್ದು 51 ಲೀಟರ್. ಗೋಪುರದ ಲಾಭ.

ಅಳತೆಯ ಪಾತ್ರೆ ಮಾಡಿದ್ದು ಹೀಗೆ. ಕುಡಿಯುವ ನೀರಿನ 20 ಲೀಟರ್ ಕ್ಯಾನು ಒಂದು ಕುತ್ತಿಗೆ ಹತ್ತಿರ ಬಿರುಕು ಬಿಟ್ಟು ಹಿತ್ತಲಲ್ಲಿ ಬಿದ್ದಿತ್ತು. ಆಕ್ಸಾ ಬ್ಲೇಡಿನಲ್ಲಿ ಕುತ್ತಿಗೆ ಕೊಯ್ದು ತೆಗೆದೆ, ಅಂಚನ್ನು ಮರಳು ಕಾಗದದಲ್ಲಿ ಉಜ್ಜಿದೆ. ಕ್ಯಾನಿನ ಮೈಯೆಲ್ಲ ಬಳೆ ಬಳೆ ಇರುತ್ತದೆ, ಹಾಗಾಗಿ ಸ್ಕೇಲು ಹಿಡಿದು ಸಮ ದೂರಕ್ಕೆ ಗೆರೆ ಎಳೆದರೆ ತಪ್ಪಾಗುತ್ತದೆ. ಅದರ ಬದಲು ಮಗ್ಗಿನಲ್ಲಿ ಸರಿಯಾಗಿ 1,000 ಗ್ರಾಂ ನೀರು ತೂಗಿ ಸುರಿಯುವುದು, ನೀರು ನಿಂತ ಮಟ್ಟಕ್ಕೆ ಮಾರ್ಕರ್‌ನಲ್ಲಿ ಗೆರೆ ಹಾಕುವುದು, ಮತ್ತೆ 1,000 ಗ್ರಾಂ. ಹೀಗೆ 17 ಗೆರೆ. ಮೈ ಒಳಗೆ ತಗ್ಗಿದ ಕಡೆ ಗೆರೆಗಳು ಸ್ವಲ್ಪ ದೂರ ದೂರ, ಉಬ್ಬಿದ ಕಡೆ ಹತ್ತಿರ ಬಂದವು, ಅದು ಹಾಗೇ ಬರಬೇಕು. ಒಂದು ಅನುಮಾನ ಇತ್ತು. ಬಾಯಿ ಕೊಯ್ದ ಕ್ಯಾನು ನೀರಿನ ಭಾರಕ್ಕೆ ಉಬ್ಬಿದರೆ? ಟೈಲರ್ ಟೇಪಿನಲ್ಲಿ ಸುತ್ತಳತೆ ನೋಡಿದೆ, ಖಾಲಿ ಇದ್ದಾಗಿಗಿಂತ 4 ಮಿಲಿಮೀಟರ್ ಜಾಸ್ತಿ. ಅಂದರೆ ಅಳತೆಯಲ್ಲಿ ನೂರಕ್ಕೆ ಒಂದು ಭಾಗ. ನಡೆಯುತ್ತದೆ ಬಿಡಿ.

ಬ್ಯಾಗಿಗೆ ಕೈ ಹಾಕುವ ಮೊದಲು ಪುರಿಯ ಯೋಗ್ಯತೆ ನೋಡಬೇಕಲ್ಲ. ಒಳಗಡೆ 30, 30, 40 ಸೆಂಟಿಮೀಟರ್ ಇರುವ ರಟ್ಟಿನ ಪೆಟ್ಟಿಗೆ ಸಿಕ್ಕಿತು, ಅಂದರೆ ಲೆಕ್ಕಕ್ಕೆ 36 ಲೀಟರ್. ಪುರಿ ತುಂಬಿ, ಪಟ್ಟಿಯಿಂದ ತಲೆ ಸವರಿ, ಕ್ಯಾನಿಗೆ ಸುರಿದು ಎಣಿಸಿದರೆ 35.4. ಬರೀ ಅರ್ಧ ಲೀಟರ್ ಚಿಲ್ಲರೆ ಕಡಿಮೆ. ನನಗೆ ಇದು ಸಾಕು.

ಬ್ಯಾಗನ್ನು ನೆಲದ ಮೇಲೆ ನಿಲ್ಲಿಸಿದರೆ ಕುಸಿಯುತ್ತದೆ. ಹಾಲಿನ ಸೂರಿನಲ್ಲಿ ಮಗಳ ತೊಟ್ಟಿಲು ತೂಗುಹಾಕಿದ್ದ ಕೊಕ್ಕೆ ಇನ್ನೂ ಇದೆ, ಅದಕ್ಕೆ ಹಗ್ಗ ಕಟ್ಟಿ ಬ್ಯಾಗಿನ ಮೇಲಿನ ಹಿಡಿಯನ್ನು ಸಿಕ್ಕಿಸಿ ತಳ ನೆಲಕ್ಕೆ ಸ್ವಲ್ಪ ತಾಗುವ ಹಾಗೆ ನಿಲ್ಲಿಸಿದೆ. ಪಕ್ಕದ ಬಿಗಿಯುವ ಪಟ್ಟಿಗಳನ್ನೆಲ್ಲ ಪೂರ್ತಿ ಸಡಿಲ ಬಿಟ್ಟೆ. ಒಳಗೆ ಮಲಗುವ ಚೀಲಕ್ಕೆ ಅಂತ ಒಂದು ಅಡ್ಡ ಪರದೆ ಇದೆ, ಅದರ ಜಿಪ್ಪು ಬಿಚ್ಚಿ ಎರಡನ್ನೂ ಒಂದು ಮಾಡಿದೆ. ಕವರ್ ಹಾಕಲಿಲ್ಲ, ಅದರ ಮಡಿಕೆಗಳೇ ಜಾಗ ತಿನ್ನುತ್ತವೆ. ಪುರಿಯನ್ನು ನೇರ ಬ್ಯಾಗಿಗೇ ಸುರಿದೆ. ಇದು ಒಳ್ಳೆ ಯೋಚನೆ ಆಗಿರಲಿಲ್ಲ, ಯಾಕೆ ಅಂತ ಕೊನೆಯಲ್ಲಿ ಗೊತ್ತಾಗುತ್ತದೆ.

ಮುಖ್ಯ ಚೀಲ, ಮೇಲಿನ ಹೊಲಿಗೆಯವರೆಗೆ, ಮೊದಲ ಸಲ 48.9 ಲೀಟರ್. ಖುಷಿಯಾಗಿ ಇನ್ನೊಂದು ಸಲ ಮಾಡಿದೆ, 46.8. ಮೂರನೇ ಸಲ 46.1. ಒಂದೇ ಬ್ಯಾಗು ಒಂದು ಮಧ್ಯಾಹ್ನದಲ್ಲಿ ಮೂರು ಲೀಟರ್ ಕುಗ್ಗುವುದಿಲ್ಲ. ಕೂತು ಯೋಚಿಸಿದೆ. ಎರಡು ತಪ್ಪು ಇತ್ತು.

ಮೊದಲನೇದು, ಸಂತೆಪೇಟೆಯಲ್ಲಿ ಕಣ್ಣ ಮುಂದೆಯೇ ನೋಡಿದ್ದು. ಸುರಿಯುವ ರೀತಿ. ಮೊದಲ ಸಲ ಕ್ಯಾನಿಗೆ ಮೆಲ್ಲಗೆ ಸುರಿದಿದ್ದೆ, ಪುರಿ ಬಿಡಿ ಬಿಡಿಯಾಗಿ ನಿಂತು ಜಾಸ್ತಿ ತೋರಿಸಿತ್ತು. ಆಮೇಲಿನ ಸಲ ಅವಸರದಲ್ಲಿ ಕ್ಯಾನನ್ನು ನೆಲಕ್ಕೆ ಕುಕ್ಕಿದ್ದೆ, ಕೂತು ಕಡಿಮೆಯಾಯಿತು. ಅದಕ್ಕೆ ಒಂದು ನಿಯಮ ಮಾಡಿದೆ. ಬ್ಯಾಗಾಗಲಿ ಕ್ಯಾನಾಗಲಿ, ಒಂದು ಗೇಣು ಎತ್ತರದಿಂದ ಮೊರದಲ್ಲಿ ಸುರಿಯುವುದು, ಪಕ್ಕಕ್ಕೆ ಅಂಗೈಯಿಂದ ಹತ್ತು ಸಲ ತಟ್ಟುವುದು, ಕೂತ ಜಾಗಕ್ಕೆ ಇನ್ನಷ್ಟು ಹಾಕಿ ತಲೆ ಸವರುವುದು. ಒತ್ತುವ ಹಾಗಿಲ್ಲ.

ಎರಡನೇದು, ಪುರಿಯೇ ಸವೆಯುತ್ತದೆ. ಪ್ರತಿ ಸಲ ಸುರಿದಾಗ ಒಂದಷ್ಟು ಪುಡಿಯಾಗಿ ಸಂದಿನಲ್ಲಿ ಸೇರಿಕೊಳ್ಳುತ್ತದೆ. ಬೆಳಿಗ್ಗೆ ಸರಿಯಾಗಿ 17ನೇ ಗೆರೆಗೆ ಇದ್ದ ಪುರಿಯನ್ನು ಬೇರೆ ಇಟ್ಟು ಅದನ್ನೇ ಸುರಿದೂ ಸುರಿದೂ ಸಂಜೆ ನೋಡಿದರೆ 16.4. ಹಾಗಾಗಿ ಮೊದಲೇ ಅಳೆದಿಟ್ಟು ಒಳಗೆ ಹಾಕುವುದು ತಪ್ಪು. ಬ್ಯಾಗು ತುಂಬಿದ ತಕ್ಷಣ ಅದರಿಂದ ಹೊರಗೆ ಬಂದದ್ದನ್ನು ಅಳೆಯಬೇಕು. ಆಗ ಸವೆದಿದ್ದರೂ ಎರಡೂ ಕಡೆ ಅದೇ ಪುರಿ.

ಹೀಗೆ ಮಾಡಿದ ಮೇಲೆ 46.6, 46.3, 46.6. ಮೂರೂ ಅಕ್ಕಪಕ್ಕ. 46.5 ಅಂತ ಬರೆದುಕೊಂಡೆ.

ಅಷ್ಟರಲ್ಲಿ ಮಳೆ. ದಸರಾ ಮುಗಿದ ಮೇಲೂ ಬಿಡಲಿಲ್ಲ. ರಾತ್ರಿ ಚೀಲದ ಬಾಯಿ ಕಟ್ಟಲು ಮರೆತೆ, ಬೆಳಿಗ್ಗೆ ಪುರಿಯೆಲ್ಲ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡು ಬ್ಯಾಗಿನ ಮೂಲೆಗೆ ಹರಿಯುತ್ತಲೇ ಇಲ್ಲ. ಆವತ್ತು 45.2 ಬಂತು. ಅಮ್ಮ ಬಂದು ಒಂದು ಹಿಡಿ ಬಾಯಿಗೆ ಹಾಕಿಕೊಂಡು, "ಬಾಣಲೇಲಿ ಸಣ್ಣ ಉರಿ ಮೇಲೆ ಬೆಚ್ಚಗೆ ಮಾಡೋ, ಗರಿಗರಿ ಆಗುತ್ತೆ. ಅಷ್ಟೂ ಗೊತ್ತಿಲ್ವಾ?" ಅಂದರು. 70 ಲೀಟರ್ ಪುರಿಯನ್ನು ಬಾಣಲೆ ಬಾಣಲೆಯಾಗಿ ಬೆಚ್ಚಗೆ ಮಾಡಲು ಒಂದೂವರೆ ಗಂಟೆ ಹಿಡಿಯಿತು. ಮತ್ತೆ 46.4. ಅಮ್ಮನ ಕೈಗೆ ನಮಸ್ಕಾರ.

ಇನ್ನು ಉಳಿದ ಭಾಗಗಳು. ಮುಖ್ಯ ಚೀಲದ ಮೇಲೆ ಎಳೆದು ಎತ್ತರಿಸುವ ಕತ್ತಿನ ಪಟ್ಟಿ ಇದೆ, ಅದನ್ನು ಪೂರ್ತಿ ಎಳೆದು ದಾರ ಬಿಗಿದರೆ 8.5 ಲೀಟರ್. ತಲೆಯ ಮುಚ್ಚಳದ ಜೇಬು 3.7. ಮುಂದಿನ ದೊಡ್ಡ ಜಿಪ್ಪಿನ ಜೇಬು 6.4. ಸೊಂಟದ ಪಟ್ಟಿಯಲ್ಲಿ ಎರಡು ಪುಟಾಣಿ ಜೇಬು, ಎರಡೂ ಸೇರಿ 0.8. ಪಕ್ಕದ ಬಲೆಯ ಜೇಬುಗಳು ಲೆಕ್ಕಕ್ಕಿಲ್ಲ ಅಂತ ಗೊತ್ತಿದ್ದರೂ ಕುತೂಹಲಕ್ಕೆ ಕವರಿನಲ್ಲಿ ಪುರಿ ಹಾಕಿ ತುರುಕಿ ನೋಡಿದೆ, ಎರಡೂ ಸೇರಿ 3.8. ಎಲ್ಲ ಕೂಡಿ.

69.7.

ಪೆನ್ನು ಕೆಳಗಿಟ್ಟೆ. 60+10 ಅಂದರೆ 70, ಅವರು ಹೇಳಿದ್ದು ಕೂದಲೆಳೆಯಷ್ಟೂ ತಪ್ಪಿಲ್ಲವಲ್ಲ! ಭಾವನಿಗೆ ಫೋನ್ ಮಾಡಿ ಹೇಳಿದೆ. ಅವರು ಆ ಕಡೆಯಿಂದ ಒಂದೇ ಮಾತು ಕೇಳಿದರು. "ಎಲ್ಲಾ ಒಟ್ಟಿಗೆ ತುಂಬಿದ್ಯಾ, ಒಂದೊಂದೇ ತುಂಬಿದ್ಯಾ?"

ಒಂದೊಂದೇ ತುಂಬಿದ್ದೆ. ಒಂದು ಜೇಬು ಅಳೆಯುವಾಗ ಉಳಿದದ್ದೆಲ್ಲ ಖಾಲಿ.

ಆ ರಾತ್ರಿ ಊಟ ಆದ ಮೇಲೆ ಮತ್ತೆ ಬ್ಯಾಗು ನೇತುಹಾಕಿದೆ. ಮೊದಲು ಮುಖ್ಯ ಚೀಲ ತುಂಬಿದೆ, ಕತ್ತು ಎತ್ತರಿಸಿ ಅದನ್ನೂ ತುಂಬಿದೆ. ಈಗ ಮುಂದಿನ ಜೇಬಿನ ಜಿಪ್ಪು ಎಳೆದು ಪುರಿ ಹಾಕಲು ಹೋದರೆ ಜಾಗವೇ ಇಲ್ಲ. ಒಳಗಿನ ಹೊಟ್ಟೆ ಉಬ್ಬಿ ಜೇಬಿನ ಒಳಗೋಡೆ ಹೊರಗೋಡೆಗೆ ಅಂಟಿಕೊಂಡಿದೆ. 6.4 ಲೀಟರ್ ಹಿಡಿದಿದ್ದ ಜೇಬು 2.3ಕ್ಕೆ ತುಂಬಿತು. ತಲೆಯ ಜೇಬು 3.2. ಬಲೆಯ ಜೇಬಿಗೆ ಒಂದು ಲೀಟರ್ ನೀರಿನ ಬಾಟಲಿ ಅರ್ಧ ಇಳಿದು ನಿಂತಿತು, ಕೇದಾರಕಾಂತದ ದಾರಿಯಲ್ಲಿ ಎರಡು ಸಲ ಬಾಟಲಿ ಜಾರಿ ಬಿದ್ದಿದ್ದು ನೆನಪಾಯಿತು. ಉಲ್ಟಾ ಮಾಡಿಯೂ ನೋಡಿದೆ. ಮುಂದಿನ ಜೇಬನ್ನು ಮೊದಲು ಪೂರ್ತಿ ತುಂಬಿ ಆಮೇಲೆ ಮುಖ್ಯ ಚೀಲಕ್ಕೆ ಹಾಕಿದರೆ ಮುಖ್ಯ ಚೀಲ 46.5ರಿಂದ 42.6ಕ್ಕೆ ಇಳಿಯಿತು. ಜೇಬು ಕೊಟ್ಟದ್ದನ್ನು ಹೊಟ್ಟೆಯಿಂದ ಕಿತ್ತುಕೊಂಡಿತು. ಒಂದೇ ನಾಲ್ಕು ಲೀಟರ್ ಜಾಗವನ್ನು ಎರಡು ಕಡೆ ಬರೆದುಕೊಂಡಿದ್ದೆ, ಒಂದೇ ಹೊಲವನ್ನು ಇಬ್ಬರಿಗೆ ಮಾರಿದ ಹಾಗೆ.

ಎಲ್ಲ ಒಟ್ಟಿಗೆ ತುಂಬಿ, ಮುಚ್ಚುವ ಜಾಗ ಮಾತ್ರ ಲೆಕ್ಕ ಹಿಡಿದರೆ 46.5, 8.5, 3.2, 2.3, 0.8. ಕೂಡಿದರೆ 61.3 ಲೀಟರ್. ಕತ್ತಿನ ಪಟ್ಟಿ ಎತ್ತರಿಸದೆ ಇದ್ದರೆ 52.8.

ನಾನು ಕತ್ತು ಎತ್ತರಿಸುವುದಿಲ್ಲ. ಎತ್ತರಿಸಿದರೆ ಬ್ಯಾಗಿನ ತಲೆ ನನ್ನ ತಲೆಗಿಂತ ಮೇಲೆ ಬಂದು, ಇಳಿಜಾರಿನಲ್ಲಿ ಹಿಂದಿನಿಂದ ಯಾರೋ ತಳ್ಳುತ್ತಿರುವ ಹಾಗೆ ಅನಿಸುತ್ತದೆ. ಹಾಗಾಗಿ ನನ್ನ ಪಾಲಿಗೆ ಇದು 53 ಲೀಟರ್ ಬ್ಯಾಗು. ಅಂಗಡಿಯಲ್ಲಿ ಕೊಂಡಿದ್ದು 70. ಕಂಪನಿಯವರು ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ, ಅವರ 70 ನನ್ನ ಕ್ಯಾನಿನಲ್ಲೂ ಬಂತಲ್ಲ. ಪುರಿಯ ಸೇರು, ಅವರೆಕಾಳಿನ ಸೇರು ಅಷ್ಟೇ. ಗೋಪುರ ಕಟ್ಟಿ ಅಳೆದ ಸಂಖ್ಯೆ ಅದು, ನಾನು ತಲೆ ಸವರಿದ್ದು ಅಂದುಕೊಂಡಿದ್ದೆ.

ಭಾನುವಾರ ಭಾವ ಮದ್ದೂರಿನಿಂದ ರೈಲಿನಲ್ಲಿ ತಮ್ಮ ಬ್ಯಾಗು ಹಿಡಿದುಕೊಂಡೇ ಬಂದರು. ಅಮ್ಮ "ಅಳಿಯಂದ್ರು ಬಂದಿದಾರೆ, ಮೊದಲು ಆ ಪುರಿ ಗುಡಿಸಿ ಕೂರಕ್ಕೆ ಜಾಗ ಮಾಡೋ" ಅಂತ ಬೈದರು. ಅವರದು ಉದ್ದನೆ ಕೊಳವೆಯಂಥ ಚೀಲ, ಮೇಲೆ ಮುಚ್ಚಳ, ಮುಂದೆ ಒಂದು ಚಪ್ಪಟೆ ಜೇಬು, ಬೇರೆ ಏನೂ ಇಲ್ಲ. ಎಲ್ಲ ಒಟ್ಟಿಗೆ ತುಂಬಿ ಅಳೆದೆವು. ಚೀಲ 41, ಮುಚ್ಚಳ 4.1, ಮುಂದಿನ ಜೇಬು 0.9. ಒಟ್ಟು 46 ಲೀಟರ್. ಬರೆದಿರುವುದು 45. ಒಂದು ಲೀಟರ್ ಕೊಸರು ಬೇರೆ!

ಅಂದರೆ ನಮ್ಮಿಬ್ಬರ ಬ್ಯಾಗಿನ ನಡುವೆ ಇದ್ದಿದ್ದು ಬರೀ ಏಳು ಲೀಟರ್. ಆ ಏಳು ಲೀಟರ್ ಎಲ್ಲಿ ಹೋಯಿತು ಅನ್ನುವುದೂ ಆಮೇಲೆ ಗೊತ್ತಾಯಿತು. ಇಬ್ಬರೂ ಅದೇ ಕೇದಾರಕಾಂತದ ಸಾಮಾನು ಹಾಕಿ ನೋಡಿದೆವು. ಪುರಿ ಮೂಲೆಗೆ ಹರಿಯುತ್ತದೆ, ಶೂ ಹರಿಯುವುದಿಲ್ಲ. ನನ್ನ ಬ್ಯಾಗಿನ ತಳ ಬೆನ್ನಿನ ಕಡೆಗೆ ಓರೆಯಾಗಿ ಕಿರಿದಾಗುತ್ತದೆ, ಅಲ್ಲಿ ಬಟ್ಟೆ ಸುತ್ತಿದ ಉಂಡೆ ಕೂರುವುದಿಲ್ಲ. ಸೊಂಟದ ಜೇಬಿಗೆ ನಾಲ್ಕು ಶುಂಠಿ ಪೆಪ್ಪರ್‌ಮಿಂಟ್ ಬಿಟ್ಟರೆ ಏನೂ ಹಿಡಿಸುವುದಿಲ್ಲ. ಮುಂದಿನ ಜೇಬು ಹೊಟ್ಟೆ ತುಂಬಿದ ಮೇಲೆ ಮಳೆ ಕೋಟಿಗೂ ಸಾಲದು. ಭಾವನ ಕೊಳವೆಯಲ್ಲಿ ಇಂಥ ಮೂಲೆಗಳೇ ಇಲ್ಲ, ಮೇಲಿನಿಂದ ಹಾಕಿ ಮೊಣಕೈಯಿಂದ ಒತ್ತಿದರೆ ಆಯಿತು. ಅವರು ಒತ್ತುವುದನ್ನು ನೋಡಿದರೆ ಅಕ್ಕ ಉಪ್ಪಿನಕಾಯಿ ಭರಣಿ ತುಂಬುವ ಹಾಗಿತ್ತು. ಆ ವಿದ್ಯೆ ನನಗಿಲ್ಲ ಅಂತ ಒಪ್ಪಿಕೊಂಡೆ. ಲಗೇಜು ಕೊಕ್ಕೆ ತಕ್ಕಡಿಯಲ್ಲಿ ನನ್ನದು 11.8 ಕೆಜಿ, ಅವರದು 11.1.

ಮಗಳು ಸುಮ್ಮನಿರುತ್ತಾಳಾ, "ಅಪ್ಪಾ, ನಂದೂ" ಅಂತ ಸ್ಕೂಲ್ ಬ್ಯಾಗು ತಂದಿಟ್ಟಳು. 30 ಲೀಟರ್ ಅಂತ ಇದೆ. ಹಿಂದೆ ಮುಂದೆ ಎರಡು ಅರೆ, ನಡುವೆ ಸಡಿಲ ಬಟ್ಟೆಯ ಪರದೆ. ಒಂದೊಂದೇ ತುಂಬಿದರೆ 14.6, 13.9, ಹೊರಗಿನ ಜೇಬು 3.3, ಒಟ್ಟು 31.8. ಮೂರನ್ನೂ ಒಟ್ಟಿಗೆ ತುಂಬಿದರೆ 22.4. ಪರದೆ ಆ ಕಡೆ ಹೋದರೆ ಈ ಕಡೆಯವರಿಗೆ ಜಾಗ, ಈ ಕಡೆ ಬಂದರೆ ಆ ಕಡೆಯವರಿಗೆ. ಭಾವ ನಕ್ಕೂ ನಕ್ಕೂ ಸುಸ್ತಾದರು.

ಅಳೆದದ್ದಕ್ಕೆ ಏನಾದರೂ ಉಪಯೋಗ ಆಗಬೇಕಲ್ಲ. ಬಾಟಲಿಯ ಸಮಸ್ಯೆ ಮೊದಲು ಸರಿ ಮಾಡಿದೆ. ಹಳೇ ಛತ್ರಿಯ ಬಟ್ಟೆಯಲ್ಲಿ ಒಂದು ಚೀಲ ಹೊಲಿಸಿ, ಭುಜದ ಪಟ್ಟಿಗೆ ಸೇರಿಸಿ ಗಟ್ಟಿಯಾಗಿ ಹೊಲಿದುಕೊಡಿ ಅಂತ ನಮ್ಮ ರಸ್ತೆಯ ಕೊನೆಯಲ್ಲಿ ಚಪ್ಪಲಿ ಹೊಲಿಯುವ ಅಜ್ಜನಿಗೆ ಕೊಟ್ಟೆ. ಮೇಣ ಹಚ್ಚಿದ ದಾರದಲ್ಲಿ ಎರಡು ಸಾಲು ಹೊಲಿದು 80 ರೂಪಾಯಿ ತೆಗೆದುಕೊಂಡರು. ಈಗ ಬಾಟಲಿ ಎದೆಯ ಮೇಲೆ ಇರುತ್ತದೆ, ಮುಖ್ಯ ಚೀಲ ಎಷ್ಟು ಉಬ್ಬಿದರೂ ಅದಕ್ಕೆ ಸಂಬಂಧ ಇಲ್ಲ. ಮಳೆ ಕೋಟನ್ನು ಮುಂದಿನ ಜೇಬಿನಲ್ಲಿ ಮೊದಲು ಇಟ್ಟು ಆಮೇಲೆ ಹೊಟ್ಟೆ ತುಂಬುತ್ತೇನೆ. ಸೊಂಟದ ಜೇಬುಗಳನ್ನು ಕಿತ್ತುಹಾಕೋಣ ಅಂದುಕೊಂಡೆ, ಮಗಳು ಬೇಡ ಅಂದಳು, ಅವಳ ಬತ್ತಾಸಿಗೆ ಅದೇ ಸರಿಯಂತೆ. ಮುಚ್ಚಳದ ಒಳಗೆ ಮಾರ್ಕರ್‌ನಲ್ಲಿ ದೊಡ್ಡದಾಗಿ 53 ಅಂತ ಬರೆದೆ, ಪಕ್ಕದಲ್ಲಿ ಚಿಕ್ಕದಾಗಿ ಕತ್ತು ಎತ್ತಿದರೆ 61.

ಹೋದ ಶನಿವಾರ ಪಾಂಡವಪುರದ ಕುಂತಿ ಬೆಟ್ಟಕ್ಕೆ ಅದನ್ನೇ ಹೊತ್ತುಕೊಂಡು ಹತ್ತಿದೆವು. ಬಾಟಲಿ ಒಂದು ಸಲವೂ ಬೀಳಲಿಲ್ಲ. ಬಂಡೆಯ ಮೇಲೆ ಕೂತು ಬ್ಯಾಗಿನಿಂದ ಚುರುಮುರಿಯ ಡಬ್ಬ ತೆಗೆದೆ. ಕ್ಯಾರೆಟ್ ತುರಿ, ಈರುಳ್ಳಿ, ಕೊತ್ತಂಬರಿ ಎಲ್ಲ ಸರಿಯಾಗಿತ್ತು. ಒಂದು ತುತ್ತು ಹಾಕಿಕೊಂಡ ಭಾವ, "ಇದು ಯಾವ ಪುರಿ?" ಅಂತ ಕೇಳಿದರು. ಹೊಸದು, ಬೇರೆ ತಂದಿದ್ದು, ಅಂದೆ. ನಿಜವಾಗಿಯೂ ಹೊಸದೇ. ಅಳೆದ ಪುರಿಯನ್ನು ಪಕ್ಕದ ಬೀದಿಯಲ್ಲಿ ಹಸು ಸಾಕಿದವರಿಗೆ ಕೊಟ್ಟುಬಿಟ್ಟಿದ್ದೆ. ಭಾವ ನಂಬಲಿಲ್ಲ, ಆದರೂ ಖಾಲಿ ಮಾಡಿದರು.

ಇಳಿದು ಬರುವಾಗ ಕತ್ತಿನ ಹಿಂದೆ ಏನೋ ಚುರ್ ಅಂತ ಕಚ್ಚಿತು. ಆಮೇಲೆ ಇನ್ನೊಂದು. ಬ್ಯಾಗು ಇಳಿಸಿ ನೋಡಿದರೆ ತಳದ ಹೊಲಿಗೆಯ ಸಂದಿನಿಂದ ಬೆನ್ನಿನ ಸ್ಪಂಜಿನ ಕಡೆಗೆ ಕೆಂಪಿರುವೆಯ ಸಾಲು. ಜಾಡಿಸಿ, ಗುಡಿಸಿ, ವ್ಯಾಕ್ಯೂಮ್ ಕ್ಲೀನರ್ ಹಿಡಿದರೂ ಹೊಲಿಗೆಯ ಒಳಗೆ ಪುರಿಯ ಪುಡಿ ಉಳಿದೇ ಇತ್ತು. ಈಗ ಬ್ಯಾಗನ್ನು ಒಳಗೆ ಹೊರಗೆ ತಿರುಗಿಸಿ ಟೆರೇಸಿನ ತಂತಿಗೆ ನೇತುಹಾಕಿದ್ದೇನೆ. ಇವತ್ತಿಗೆ ಮೂರನೇ ಬಿಸಿಲು. ನೀವು ಅಳೆಯುವುದಾದರೆ ಒಳಗೆ ಹಳೇ ಪಂಚೆಯ ತೆಳು ಬಟ್ಟೆಯನ್ನು ಸಡಿಲವಾಗಿ ಹಾಕಿಕೊಳ್ಳಿ. ಅರ್ಧ ಲೀಟರ್ ಕಡಿಮೆ ಬಂದರೂ ಪರವಾಗಿಲ್ಲ.